ಮಾರ್ಟಿನಸ್ ಬೈಯೆರಿಂಕ್

ಮಾರ್ಟಿನಸ್ ವಿಲ್ಲೆಮ್ ಬೈಯೆರಿಂಕ್ (ಜನನ: 16 ಮಾರ್ಚ್ 1851, ಆಮ್‌ಸ್ಟರ್‌ಡ್ಯಾಮ್; ನಿಧನ: 1 ಜನವರಿ 1931, ಗೋರ್ಸೆಲ್) ನೆದರ್‌ಲ್ಯಾಂಡ್ಸ್ ದೇಶದ ಸಸ್ಯವಿಜ್ಞಾನಿ ಹಾಗೂ ಸೂಕ್ಷ್ಮಜೀವಿ ವಿಜ್ಞಾನಿ. ದ್ವಿದಳ ಧಾನ್ಯಗಳ ಬೇರುಗಂಟಿನಲ್ಲಿರುವ ಬ್ಯಾಕ್ಟೀರಿಯಾವನ್ನು ಮೊದಲು ಬೇರ್ಪಡಿಸಿ ಬೆಳೆಸಿದವರು ಇವರು. ಹೊಗೆಸೊಪ್ಪಿನ ಎಲೆಚುಕ್ಕೆ ರೋಗದ ಕಾರಣವು ಬ್ಯಾಕ್ಟೀರಿಯಾ ಅಲ್ಲ, ಬೇರೆಯೇ ಬಗೆಯದು ಎಂದು ತೋರಿಸಿ ವೈರಸ್ ವಿಜ್ಞಾನಕ್ಕೆ ತಳಹದಿ ಹಾಕಿದವರಲ್ಲಿಯೂ ಇವರು ಪ್ರಮುಖರು. ಮಣ್ಣು, ನೀರು, ಕೆಸರುಗಳಲ್ಲಿ ಅಡಗಿರುವ ಅಸಂಖ್ಯ ಬಗೆಯ ಸೂಕ್ಷ್ಮಜೀವಿಗಳಲ್ಲಿ ಬೇಕಾದುದನ್ನು ಮಾತ್ರ ಬೆಳೆಯುವಂತೆ ಮಾಡುವ ಆಯ್ಕೆಯ ಸಂವರ್ಧನ ವಿಧಾನವನ್ನು ರೂಪಿಸಿದ್ದು ಇವರ ಬಹುಮುಖ್ಯ ಕೊಡುಗೆ. ಇಂದು ವಿಶ್ವವಿದ್ಯಾಲಯಗಳಲ್ಲಿ ಸೂಕ್ಷ್ಮಜೀವಿ ವೈವಿಧ್ಯವನ್ನು ಕಲಿಸುವ ಕ್ರಮ ಬಹುಮಟ್ಟಿಗೆ ಈ ವಿಧಾನದಿಂದ ಬೆಳೆದು ಬಂದುದು.

ಕಾಲದ ಹಿನ್ನೆಲೆ

ಹತ್ತೊಂಬತ್ತನೆಯ ಶತಮಾನದ ಕೊನೆಯ ಎರಡು ದಶಕಗಳಲ್ಲಿ ಬ್ಯಾಕ್ಟೀರಿಯಾ ಎಂಬ ಹೆಸರು ರೋಗದೊಡನೆ ಬೆಸೆದುಕೊಂಡಿತ್ತು. ಜರ್ಮನಿಯಲ್ಲಿ ರಾಬರ್ಟ್ ಕಾಖ್ 1882ರಲ್ಲಿ ಕ್ಷಯರೋಗದ ಬ್ಯಾಕ್ಟೀರಿಯಾವನ್ನು ಗುರುತಿಸಿದರು. ಫ್ರಾನ್ಸಿನಲ್ಲಿ ಲೂಯಿ ಪಾಶ್ಚರ್ 1885ರಲ್ಲಿ ಹುಚ್ಚುನಾಯಿ ಕಡಿತಕ್ಕೆ ಲಸಿಕೆ ಪ್ರಯೋಗಿಸಿದರು. ಈ ಯಶಸ್ಸಿನಿಂದಾಗಿ ಬ್ಯಾಕ್ಟೀರಿಯಾ ವಿಜ್ಞಾನವು ವೈದ್ಯಕೀಯ ಕಾಲೇಜುಗಳ ವಿಷಯವಾಯಿತು. ರೋಗ ತರುವ ಜೀವಿಯನ್ನು ರೋಗಿಯ ದೇಹದಿಂದ ತೆಗೆದು, ಬೇರೆ ಯಾವುದೂ ಬೆರೆಯದಂತೆ ಬೆಳೆಸಿ, ಅದನ್ನು ಕೊಲ್ಲುವ ದಾರಿ ಹುಡುಕುವುದು ಅದರ ಗುರಿಯಾಗಿತ್ತು.

ಆದರೆ ರೋಗ ತರುವ ಸೂಕ್ಷ್ಮಜೀವಿಗಳು ಒಟ್ಟು ಸೂಕ್ಷ್ಮಜೀವಿಗಳಲ್ಲಿ ಬಹಳ ಸಣ್ಣ ಪಾಲು. ಸತ್ತ ಎಲೆಯನ್ನು ಮಣ್ಣಾಗಿಸುವುದು, ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವುದು, ಮೂತ್ರದ ಯೂರಿಯಾವನ್ನು ಒಡೆಯುವುದು, ಹಾಲನ್ನು ಮೊಸರಾಗಿಸುವುದು ಮುಂತಾದ ಕೆಲಸಗಳನ್ನು ಮಾಡುವ ಜೀವಿಗಳಿಗೆ ಆಗಿನ ಪಠ್ಯಕ್ರಮದಲ್ಲಿ ಹೆಚ್ಚಿನ ಸ್ಥಾನವಿರಲಿಲ್ಲ. ಅವನ್ನು ಅವುಗಳಿಗಾಗಿಯೇ ಅಭ್ಯಸಿಸಬೇಕೆಂದು ವಾದಿಸಿ, ಹಾಗೆ ಅಭ್ಯಸಿಸುವ ದಾರಿಯನ್ನು ಕಂಡುಕೊಂಡವರಲ್ಲಿ ಬೈಯೆರಿಂಕ್ ಹಾಗೂ ರಷ್ಯಾ ಸಾಮ್ರಾಜ್ಯದ ಕೀವ್‌ನಲ್ಲಿ ಹುಟ್ಟಿದ ಸೆರ್ಗೈ ವಿನೊಗ್ರಾಡ್‌ಸ್ಕಿ (1856–1953) ಅಗ್ರಗಣ್ಯರು.

ಬಾಲ್ಯ ಮತ್ತು ವಿದ್ಯಾಭ್ಯಾಸ

ಬೈಯೆರಿಂಕ್ ಅವರ ತಂದೆ ಡೆರ್ಕ್ ಬೈಯೆರಿಂಕ್ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಹೊಗೆಸೊಪ್ಪಿನ ವ್ಯಾಪಾರಿಯಾಗಿದ್ದರು. ವ್ಯಾಪಾರ ಕೈಗೂಡದೆ ಅವರು ರೈಲ್ವೆ ಕಂಪನಿಯಲ್ಲಿ ಗುಮಾಸ್ತರಾದರು. ಮನೆಯಲ್ಲಿ ಹಣದ ಅಡಚಣೆಯಿತ್ತು. ಮಗನ ಮೊದಲ ಪಾಠಗಳು ತಂದೆಯ ಬಳಿಯಲ್ಲಿಯೇ ನಡೆದವು. ಅನಂತರ ಹಾರ್ಲೆಮ್ ನಗರದ ಪ್ರೌಢಶಾಲೆಯಲ್ಲಿ ಓದುವಾಗ ಹುಡುಗನಿಗೆ ಗಿಡಮರಗಳ ಗೀಳು ಹತ್ತಿತು. ಅದೇ ನಗರದ ಸಸ್ಯಪ್ರೇಮಿ ಎಫ್. ಡಬ್ಲ್ಯು. ವಾನ್ ಏಡೆನ್ ಅವರ ಒಡನಾಟವು ಈ ಆಸಕ್ತಿಯನ್ನು ಬೆಳೆಸಿತು.

1869ರಲ್ಲಿ ಬೈಯೆರಿಂಕ್ ಡೆಲ್ಫ್ಟ್ ನಗರದ ಪಾಲಿಟೆಕ್ನಿಕ್ ಶಾಲೆಗೆ ಸೇರಿ ರಸಾಯನಶಾಸ್ತ್ರವನ್ನು ಅಭ್ಯಸಿಸಿದರು. ಮುಂದೆ ರಸಾಯನಶಾಸ್ತ್ರದ ಮೊದಲ ನೊಬೆಲ್ ಪ್ರಶಸ್ತಿಯನ್ನು (1901) ಪಡೆದ ಯಾಕೋಬಸ್ ವಾಂಟ್ ಹಾಫ್ ಇಲ್ಲಿ ಇವರ ಸಹಪಾಠಿ ಹಾಗೂ ಗೆಳೆಯ. 1872ರಲ್ಲಿ ರಾಸಾಯನಿಕ ತಂತ್ರಜ್ಞರಾಗಿ ಹೊರಬಂದ ಬೈಯೆರಿಂಕ್ ಲೈಡನ್ ವಿಶ್ವವಿದ್ಯಾಲಯದಲ್ಲಿ ಓದನ್ನು ಮುಂದುವರಿಸಿದರು. ಕೀಟಗಳ ದೆಸೆಯಿಂದ ಎಲೆ ಮತ್ತು ಕಾಂಡಗಳ ಮೇಲೆ ಏಳುವ ಗಂಟುಗಳನ್ನು ಕುರಿತ ಪ್ರಬಂಧಕ್ಕೆ 1877ರಲ್ಲಿ ಅವರಿಗೆ ಡಾಕ್ಟರೇಟ್ ಪದವಿ ದೊರಕಿತು. ಹೊರಗಿನ ಒಂದು ಜೀವಿ ಗಿಡದ ಬೆಳವಣಿಗೆಯ ದಿಕ್ಕನ್ನೇ ಬದಲಿಸುವುದು ಹೇಗೆ ಎಂಬ ಈ ಪ್ರಬಂಧದ ಪ್ರಶ್ನೆ ಬೇರುಗಂಟು ಹಾಗೂ ಹೊಗೆಸೊಪ್ಪಿನ ರೋಗಗಳ ಅಧ್ಯಯನದಲ್ಲಿ ಮತ್ತೆ ಎದುರಾಯಿತು.

ಶಾಲಾ ಅಧ್ಯಾಪಕರಾಗಿ

ಲೈಡನ್‌ನಲ್ಲಿ ಓದುತ್ತಿರುವಾಗಲೇ ಬೈಯೆರಿಂಕ್ ಜೀವನೋಪಾಯಕ್ಕಾಗಿ ಪಾಠ ಹೇಳತೊಡಗಿದ್ದರು. ವಾರ್ಫಮ್ ಎಂಬ ಊರಿನ ಕೃಷಿಶಾಲೆಯಲ್ಲಿ, ಬಳಿಕ ಉಟ್ರೆಕ್ಟ್ ನಗರದ ಪ್ರೌಢಶಾಲೆಯಲ್ಲಿ ಕೆಲಸ ಮಾಡಿ, 1876ರಲ್ಲಿ ವಾಗೆನಿಂಗೆನ್ ಪಟ್ಟಣದ ಕೃಷಿಶಾಲೆಯನ್ನು ಸೇರಿದರು. ಅಧ್ಯಾಪನ ಅವರಿಗೆ ಒಗ್ಗಿದ ಕೆಲಸವಾಗಿರಲಿಲ್ಲ. ಪಾಠವನ್ನು ಮೆಲ್ಲನೆ ಗ್ರಹಿಸುವ ವಿದ್ಯಾರ್ಥಿಗಳ ಬಗ್ಗೆ ಅವರಲ್ಲಿ ತಾಳ್ಮೆಯಿರಲಿಲ್ಲ. ಸಂಶೋಧನೆಯಲ್ಲಿ ಮಾತ್ರ ಅವರ ಶ್ರಮ ಎದ್ದು ಕಾಣುತ್ತಿತ್ತು. 1884ರಲ್ಲಿ, ಇನ್ನೂ ಶಾಲಾ ಅಧ್ಯಾಪಕರಾಗಿದ್ದಾಗಲೇ, ನೆದರ್‌ಲ್ಯಾಂಡ್ಸ್‌ನ ರಾಯಲ್ ಅಕಾಡೆಮಿಯ ಸದಸ್ಯತ್ವ ಅವರಿಗೆ ಒಲಿಯಿತು.

ವಾಗೆನಿಂಗೆನ್‌ನಲ್ಲಿ ಅವರ ಸಹೋದ್ಯೋಗಿಯಾಗಿದ್ದ ಜರ್ಮನ್ ರಸಾಯನ ವಿಜ್ಞಾನಿ ಅಡಾಲ್ಫ್ ಮೇಯರ್, ಹೊಗೆಸೊಪ್ಪಿನ ಎಲೆಗಳ ಮೇಲೆ ತಿಳಿ ಮತ್ತು ಕಡುಹಸಿರು ಬಣ್ಣದ ಚುಕ್ಕೆ ಮೂಡಿಸುವ ರೋಗವನ್ನು ಪರೀಕ್ಷಿಸುತ್ತಿದ್ದರು. ರೋಗದ ಎಲೆಯ ರಸವನ್ನು ಆರೋಗ್ಯವಂತ ಗಿಡಕ್ಕೆ ಸೇರಿಸಿದರೆ ಅದಕ್ಕೂ ರೋಗ ತಗಲುತ್ತದೆ ಎಂಬುದನ್ನು ಮೇಯರ್ ಕಂಡುಕೊಂಡಿದ್ದರು. ಆ ರಸದಲ್ಲಿ ಬ್ಯಾಕ್ಟೀರಿಯಾವನ್ನು ಹುಡುಕಿದ ಬೈಯೆರಿಂಕ್ ಅವರಿಗೆ ಆಗ ಏನೂ ಸಿಗಲಿಲ್ಲ. ಸೂಕ್ಷ್ಮಜೀವಿಗಳ ಬಗೆಗಿನ ತಮ್ಮ ತಿಳಿವಳಿಕೆ ಆ ಕೆಲಸಕ್ಕೆ ಸಾಲದೆಂದು ಅವರು ಭಾವಿಸಿದರು. ಈ ಪ್ರಶ್ನೆಗೆ ಅವರು ಮರಳಿದ್ದು ಹತ್ತಕ್ಕೂ ಹೆಚ್ಚು ವರ್ಷಗಳ ಬಳಿಕ.

ಯೀಸ್ಟ್ ಕಾರ್ಖಾನೆಯ ಪ್ರಯೋಗಾಲಯ

1885ರಲ್ಲಿ ಡೆಲ್ಫ್ಟ್ ನಗರದ ಯೀಸ್ಟ್ ಮತ್ತು ಮದ್ಯಸಾರ ಕಾರ್ಖಾನೆಯ ನಿರ್ದೇಶಕ ವಾನ್ ಮಾರ್ಕೆನ್ ತಮ್ಮ ಪ್ರಯೋಗಾಲಯಕ್ಕೆ ಬೈಯೆರಿಂಕ್ ಅವರನ್ನು ಕರೆಸಿಕೊಂಡರು. ಕಾರ್ಖಾನೆಯೊಂದು ಶುದ್ಧ ಸಂಶೋಧನೆಗಾಗಿ ಸೂಕ್ಷ್ಮಜೀವಿ ತಜ್ಞನನ್ನು ನೇಮಿಸಿಕೊಳ್ಳುವುದು ಆ ಕಾಲಕ್ಕೆ ಅಪರೂಪ. ಇಲ್ಲಿ ಕಳೆದ ಹತ್ತು ವರ್ಷಗಳು ಅವರ ಜೀವನದ ಫಲವತ್ತಾದ ಕಾಲ.

ಗಾಳಿಯ ಸಾರಜನಕವನ್ನು ಬಳಸಿಕೊಳ್ಳುವ ಶಕ್ತಿ ದ್ವಿದಳ ಸಸ್ಯಗಳಿಗೆ ಅವುಗಳ ಬೇರುಗಂಟಿನಿಂದ ಬರುತ್ತದೆ ಎಂಬುದನ್ನು ಜರ್ಮನಿಯ ಹೆಲ್‌ರೀಗೆಲ್ ಮತ್ತು ವಿಲ್‌ಫಾರ್ಟ್ ಆಗತಾನೆ ತೋರಿಸಿದ್ದರು. 1888ರಲ್ಲಿ ಬೈಯೆರಿಂಕ್ ಆ ಗಂಟುಗಳೊಳಗಿನ ಬ್ಯಾಕ್ಟೀರಿಯಾವನ್ನು ಹೊರತೆಗೆದು, ಬೇರೆ ಜೀವಿಗಳಿಂದ ಬೇರ್ಪಡಿಸಿ ಬೆಳೆಸಿದರು. ಅದಕ್ಕೆ ಅವರಿಟ್ಟ ಹೆಸರು ಬ್ಯಾಸಿಲಸ್ ರಾಡಿಸಿಕೋಲ. ಇಂದು ಈ ಗುಂಪು ರೈಜೋಬಿಯಂ ಎಂಬ ಹೆಸರಿನಿಂದ ಪರಿಚಿತವಾಗಿದೆ. ದ್ವಿದಳ ಧಾನ್ಯ ಬೆಳೆದ ಹೊಲದಲ್ಲಿ ಮುಂದಿನ ಪೈರು ಹುಲುಸಾಗಿ ಬರುವುದೇಕೆ ಎಂಬ ರೈತರ ಹಳೆಯ ಅನುಭವಕ್ಕೆ ಹೀಗೆ ಪೂರ್ಣ ವಿವರಣೆ ದೊರಕಿತು.

1889ರಲ್ಲಿ ಅವರು ಕತ್ತಲೆಯಲ್ಲಿ ಬೆಳಕು ಸೂಸುವ ಸಮುದ್ರದ ಬ್ಯಾಕ್ಟೀರಿಯಾಗಳನ್ನು ಕುರಿತು ಬರೆದು, ಅವುಗಳಿಗೆ ಫೋಟೋಬ್ಯಾಕ್ಟೀರಿಯಂ ಎಂಬ ಹೆಸರನ್ನು ಕೊಟ್ಟರು. ಈ ಜೀವಿಗಳು ಬೆಳಗಲು ಆಮ್ಲಜನಕ ಬೇಕು. ಇದನ್ನರಿತ ಬೈಯೆರಿಂಕ್ ಅತ್ಯಲ್ಪ ಪ್ರಮಾಣದ ಆಮ್ಲಜನಕವನ್ನು ಪತ್ತೆ ಹಚ್ಚಲು ಅವನ್ನೇ ಸಾಧನವಾಗಿ ಬಳಸಿದರು. 1890ರಲ್ಲಿ ಕ್ಲೊರೆಲ್ಲ ಎಂಬ ಏಕಕೋಶದ ಹಸಿರು ಪಾಚಿಯನ್ನು ಬೇರ್ಪಡಿಸಿ ಬೆಳೆಸಿದರು. ಇದೇ ಕುಲದ ಪಾಚಿಯನ್ನು ಮುಂದೆ ಅಮೆರಿಕದಲ್ಲಿ ಮೆಲ್ವಿನ್ ಕ್ಯಾಲ್ವಿನ್ ಮತ್ತು ಸಂಗಡಿಗರು ದ್ಯುತಿಸಂಶ್ಲೇಷಣೆಯ ಹಂತಗಳನ್ನು ಬಿಡಿಸಲು ಬಳಸಿದರು.

ಈ ಯಾವ ಶೋಧದಿಂದಲೂ ಕಾರ್ಖಾನೆಗೆ ನೇರ ಲಾಭ ಬರಲಿಲ್ಲ. ತಾನು ಪಡೆಯುತ್ತಿರುವ ಸಂಬಳಕ್ಕೆ ತಕ್ಕ ಪ್ರತಿಫಲ ಕೊಡುತ್ತಿಲ್ಲವೆಂಬ ಅಳುಕು ಬೈಯೆರಿಂಕ್ ಅವರನ್ನು ಕಾಡುತ್ತಿತ್ತು.

ಡೆಲ್ಫ್ಟ್‌ನ ಪ್ರಾಧ್ಯಾಪಕ ಪೀಠ

1895ರಲ್ಲಿ ಬೈಯೆರಿಂಕ್ ತಾವು ಓದಿದ ಡೆಲ್ಫ್ಟ್ ಪಾಲಿಟೆಕ್ನಿಕ್‌ಗೆ ಪ್ರಾಧ್ಯಾಪಕರಾಗಿ ಮರಳಿದರು. 1897ರಲ್ಲಿ ಅವರಿಗಾಗಿ ಹೊಸ ಪ್ರಯೋಗಾಲಯ ಸಿದ್ಧವಾಯಿತು. ಅದರಲ್ಲಿ ಗಿಡಗಳ ಮೇಲೆ ಪ್ರಯೋಗ ನಡೆಸಲು ಬಿಸಿ ಗಾಜಿನ ಮನೆಯೂ ಇತ್ತು. ಹದಿನೇಳನೆಯ ಶತಮಾನದಲ್ಲಿ ಆಂಟೊನಿ ವಾನ್ ಲೇವೆನ್‌ಹುಕ್ ತಾವೇ ಉಜ್ಜಿ ತಯಾರಿಸಿದ ಮಸೂರಗಳ ಮೂಲಕ ಬ್ಯಾಕ್ಟೀರಿಯಾಗಳನ್ನು ಮೊದಲು ಕಂಡದ್ದು ಇದೇ ಡೆಲ್ಫ್ಟ್ ನಗರದಲ್ಲಿ.

ಈ ಪೀಠದ ವೈಶಿಷ್ಟ್ಯವೆಂದರೆ ಅದು ವೈದ್ಯಕೀಯ ಕಾಲೇಜಿನಲ್ಲಿ ಇರದೆ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ಇದ್ದುದು. ಇಲ್ಲಿಗೆ ಬರುತ್ತಿದ್ದವರು ರಾಸಾಯನಿಕ ತಂತ್ರಜ್ಞಾನದ ವಿದ್ಯಾರ್ಥಿಗಳು. ಆದಕಾರಣ ರೋಗ ಮತ್ತು ರೋಗಿಯನ್ನು ಬಿಟ್ಟು, ಸೂಕ್ಷ್ಮಜೀವಿಗಳು ಪ್ರಕೃತಿಯಲ್ಲಿ ಯಾವ ಯಾವ ರಾಸಾಯನಿಕ ಕೆಲಸ ಮಾಡುತ್ತವೆ ಎಂಬ ಪ್ರಶ್ನೆಯನ್ನು ಪಾಠದ ನಡುವೆ ಇಡುವುದು ಸಾಧ್ಯವಾಯಿತು. 1905ರಲ್ಲಿ ಈ ಪಾಲಿಟೆಕ್ನಿಕ್ ವಿಶ್ವವಿದ್ಯಾಲಯ ಮಟ್ಟದ ತಾಂತ್ರಿಕ ಮಹಾವಿದ್ಯಾಲಯವಾಯಿತು.

ಆಯ್ಕೆಯ ಸಂವರ್ಧನ ವಿಧಾನ

ಒಂದು ಚಿಟಿಕೆ ತೋಟದ ಮಣ್ಣಿನಲ್ಲಿ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳಿರುತ್ತವೆ. ಕಾಖ್ ಅವರ ಪದ್ಧತಿಯಂತೆ ಮಣ್ಣನ್ನು ನೀರಿನಲ್ಲಿ ಕಲಸಿ, ಪೌಷ್ಟಿಕ ಜೆಲ್ಲಿಯ ಮೇಲೆ ಹರಡಿ, ಮೂಡಿದ ಒಂದೊಂದು ಚುಕ್ಕೆಯನ್ನೂ ಪರೀಕ್ಷಿಸಬಹುದು. ಆದರೆ ಸಂಖ್ಯೆಯಲ್ಲಿ ವಿರಳವಾದ ಜೀವಿ ಆ ಗುಂಪಿನಲ್ಲಿ ಕಣ್ಣಿಗೇ ಬೀಳದಿರಬಹುದು. ಸಾಮಾನ್ಯ ಆಹಾರ ಒಗ್ಗದ ಜೀವಿ ಬೆಳೆಯದೆಯೇ ಇರಬಹುದು.

ಬೈಯೆರಿಂಕ್ ಪ್ರಶ್ನೆಯನ್ನು ತಿರುಗಿಸಿದರು. ಮೊದಲು ಜೀವಿಯನ್ನು ಹಿಡಿದು ಅನಂತರ ಅದರ ಕೆಲಸವನ್ನು ತಿಳಿಯುವ ಬದಲು, ಮೊದಲು ಒಂದು ಕೆಲಸವನ್ನು ಗೊತ್ತುಮಾಡಿ, ಆ ಕೆಲಸ ಬಲ್ಲ ಜೀವಿ ಮಾತ್ರ ಬದುಕಬಹುದಾದ ಪರಿಸರವನ್ನು ಸೀಸೆಯೊಳಗೆ ನಿರ್ಮಿಸಿದರು. ಆಹಾರ, ಉಷ್ಣತೆ, ಗಾಳಿ, ಆಮ್ಲೀಯತೆ ಇವುಗಳನ್ನು ನಿಗದಿಪಡಿಸಿ ಸ್ವಲ್ಪ ಮಣ್ಣನ್ನೋ ಕಾಲುವೆಯ ನೀರನ್ನೋ ಬೆರೆಸಿದರೆ, ಆ ಪರಿಸರಕ್ಕೆ ಅತ್ಯಂತ ಹೊಂದುವ ಜೀವಿ ಉಳಿದವನ್ನು ಹಿಂದಿಕ್ಕಿ ಹೆಚ್ಚುತ್ತದೆ. ಅದರ ಒಂದು ಹನಿಯನ್ನು ಅದೇ ಬಗೆಯ ಹೊಸ ದ್ರಾವಣಕ್ಕೆ ವರ್ಗಾಯಿಸುತ್ತ ಹೋದಂತೆ ಆ ಜೀವಿ ಮತ್ತಷ್ಟು ಪ್ರಧಾನವಾಗುತ್ತದೆ. ಕೊನೆಯಲ್ಲಿ ಅದನ್ನು ಬೇರ್ಪಡಿಸುವುದು ಸುಲಭ.

ನಮ್ಮ ಅಡುಗೆಮನೆಯಲ್ಲಿಯೂ ಇದೇ ತತ್ತ್ವ ನಡೆಯುತ್ತದೆ. ಇಡ್ಲಿಗೆ ಉದ್ದು, ಅಕ್ಕಿ ರುಬ್ಬಿಟ್ಟಾಗ ಯಾರೂ ಅದಕ್ಕೆ ಬ್ಯಾಕ್ಟೀರಿಯಾವನ್ನು ಹಾಕುವುದಿಲ್ಲ. ಬೇಳೆಯೊಡನೆ ಬಂದ ಹಲವು ಬಗೆಯ ಜೀವಿಗಳಲ್ಲಿ ಆ ಹಿಟ್ಟು, ಆ ತೇವ, ಆ ಬೆಚ್ಚನೆಯ ಹವೆಗೆ ಹೊಂದುವ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳು ರಾತ್ರಿ ಬೆಳಗಾಗುವುದರೊಳಗೆ ಮೇಲುಗೈ ಪಡೆದು ಹಿಟ್ಟನ್ನು ಹುದುಗಿಸುತ್ತವೆ. ಇಂಥ ಬ್ಯಾಕ್ಟೀರಿಯಾಗಳ ಒಂದು ಕುಲಕ್ಕೆ ಲ್ಯಾಕ್ಟೊಬ್ಯಾಸಿಲಸ್ ಎಂದು 1901ರಲ್ಲಿ ಹೆಸರಿಟ್ಟವರು ಬೈಯೆರಿಂಕ್ ಅವರೇ.

ಈ ವಿಧಾನದಿಂದ ದೊರೆತ ಮುಖ್ಯ ಫಲಗಳು ಹೀಗಿವೆ.

ಸಲ್ಫೇಟ್ ಬಳಸುವ ಬ್ಯಾಕ್ಟೀರಿಯಾ (1895): ಹಾಲೆಂಡಿನ ಕಾಲುವೆಗಳ ತಳದ ಕಪ್ಪು ಕೆಸರಿನಿಂದ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಗಾಳಿಯಿಲ್ಲದ ಜಾಗದಲ್ಲಿ ಆಮ್ಲಜನಕದ ಬದಲು ಸಲ್ಫೇಟನ್ನು ಬಳಸಿ ಉಸಿರಾಡುವ ಬ್ಯಾಕ್ಟೀರಿಯಾ ಇದಕ್ಕೆ ಕಾರಣವೆಂದು ಅವರು ತೋರಿಸಿದರು. ಇಂದು ಇದಕ್ಕೆ ಡೀಸಲ್ಫೋವಿಬ್ರಿಯೊ ಎಂಬ ಹೆಸರಿದೆ.

ಅಜಟೋಬ್ಯಾಕ್ಟರ್ (1901): ಸಾರಜನಕದ ಯಾವ ಲವಣವನ್ನೂ ಹಾಕದೆ, ಮ್ಯಾನಿಟಾಲ್ ಎಂಬ ಸಿಹಿ ಪದಾರ್ಥ ಮತ್ತು ಫಾಸ್ಫೇಟ್ ಕರಗಿಸಿದ ನೀರನ್ನು ಅಗಲ ತಳದ ಸೀಸೆಯಲ್ಲಿ ತೆಳುವಾಗಿ ಸುರಿದು, ಅದಕ್ಕೆ ತೋಟದ ಮಣ್ಣನ್ನು ಬೆರೆಸಿದರು. ಕೆಲವು ದಿನಗಳಲ್ಲಿ ಮೇಲೆ ಪೊರೆ ಕಟ್ಟಿತು. ಗಾಳಿಯಿಂದಲೇ ಸಾರಜನಕ ಪಡೆಯಬಲ್ಲ, ಗಿಡದ ಆಸರೆ ಬೇಡದ ಬ್ಯಾಕ್ಟೀರಿಯಾ ಅದರಲ್ಲಿತ್ತು. ವಿನೊಗ್ರಾಡ್‌ಸ್ಕಿ ಇದಕ್ಕೆ ಮುಂಚೆ ಇಂಥದೇ ಸಾಮರ್ಥ್ಯದ ಬೇರೊಂದು ಜೀವಿಯನ್ನು ಗಾಳಿಯಿಲ್ಲದ ಸ್ಥಿತಿಯಲ್ಲಿ ಕಂಡಿದ್ದರು. ಒಂದೇ ಮಣ್ಣು ಗಾಳಿಯಾಡುವ ತೆಳು ಪದರದಲ್ಲಿ ಒಂದು ಜೀವಿಯನ್ನೂ ಗಾಳಿಯಿಲ್ಲದ ಸೀಸೆಯಲ್ಲಿ ಇನ್ನೊಂದನ್ನೂ ಕೊಡುತ್ತದೆ ಎಂಬ ಪಾಠ ಇದರಲ್ಲಿದೆ.

ಯೂರಿಯಾ ಒಡೆಯುವ ಬ್ಯಾಕ್ಟೀರಿಯಾ (1901): ಸಾಮಾನ್ಯ ಬ್ಯಾಕ್ಟೀರಿಯಾಗಳು ತಾಳಲಾರದಷ್ಟು ಯೂರಿಯಾ ಬೆರೆಸಿದ ದ್ರಾವಣದಲ್ಲಿ ಇವನ್ನು ಆರಿಸಿ ಬೆಳೆಸಲಾಯಿತು.

ಥಯೊಬ್ಯಾಸಿಲಸ್ (1904): ಇವು ಗಂಧಕದ ಸಂಯುಕ್ತಗಳನ್ನು ಉತ್ಕರ್ಷಿಸಿ ಬದುಕುವ ಬ್ಯಾಕ್ಟೀರಿಯಾಗಳು.

ಅವರ ಶಿಷ್ಯರೂ ಇದೇ ದಾರಿಯಲ್ಲಿ ನಡೆದರು. ವಾನ್ ಡೆಲ್ಡೆನ್ ಸಲ್ಫೇಟ್ ಬ್ಯಾಕ್ಟೀರಿಯಾಗಳನ್ನು, ವಾನ್ ಇಟರ್ಸನ್ ನೈಟ್ರೇಟ್ ಮತ್ತು ಸೆಲ್ಯುಲೋಸನ್ನು ಒಡೆಯುವ ಜೀವಿಗಳನ್ನು ಅಭ್ಯಸಿಸಿದರು. ಸೊಂಗೆನ್ 1906ರಲ್ಲಿ ಮೀಥೇನ್ ಅನಿಲವನ್ನೇ ಆಹಾರವಾಗಿ ಬಳಸುವ ಬ್ಯಾಕ್ಟೀರಿಯಾವನ್ನು ವಿವರಿಸಿದರು.

ಸೂಕ್ಷ್ಮಜೀವಿಗಳ ಬೀಜ ಎಲ್ಲೆಡೆಯೂ ಇದೆ, ಯಾವುದು ಬೆಳೆಯಬೇಕೆಂಬುದನ್ನು ಪರಿಸರ ನಿರ್ಧರಿಸುತ್ತದೆ ಎಂಬ ಸೂತ್ರ ಇವರ ಕೆಲಸದ ಸಾರ. ಲೈಡನ್‌ನ ಪ್ರಾಧ್ಯಾಪಕ ಬಾಸ್ ಬೆಕಿಂಗ್ 1934ರಲ್ಲಿ ಈ ಸೂತ್ರಕ್ಕೆ ಪ್ರಸಿದ್ಧ ರೂಪವನ್ನು ಕೊಟ್ಟು, ಅದರ ಮೂಲ ವಿಚಾರ ಬೈಯೆರಿಂಕ್ ಅವರದೆಂದು ತಿಳಿಸಿದರು.

ಹೊಗೆಸೊಪ್ಪಿನ ರೋಗ ಮತ್ತು ವೈರಸ್

ಹೊಸ ಪ್ರಯೋಗಾಲಯದ ಗಾಜಿನ ಮನೆ ಸಿದ್ಧವಾದ ಮೇಲೆ ಬೈಯೆರಿಂಕ್ ವಾಗೆನಿಂಗೆನ್‌ನಲ್ಲಿ ಬಿಟ್ಟಿದ್ದ ಪ್ರಶ್ನೆಯನ್ನು ಮತ್ತೆ ಎತ್ತಿಕೊಂಡರು. ರೋಗದ ಎಲೆಯ ರಸವನ್ನು ಬ್ಯಾಕ್ಟೀರಿಯಾ ದಾಟಲಾರದ ಪಿಂಗಾಣಿಯ ಸೋಸುಕದಲ್ಲಿ ಸೋಸಿದರೂ ಅದು ರೋಗ ಹರಡುತ್ತಿತ್ತು. ಆ ಅಂಶ ಅಗಾರ್ ಜೆಲ್ಲಿಯೊಳಗೆ ಇಳಿದು ಹಬ್ಬುತ್ತಿತ್ತು. ಗಿಡದ ಹೊರಗೆ ಅದು ಹೆಚ್ಚುತ್ತಿರಲಿಲ್ಲ. ಬೆಳೆಯುತ್ತಿರುವ ಜೀವಂತ ಅಂಗಾಂಶದಲ್ಲಿ ಮಾತ್ರ ವೃದ್ಧಿಯಾಗುತ್ತಿತ್ತು. ಒಂದು ಗಿಡದಿಂದ ಮತ್ತೊಂದಕ್ಕೆ, ಅದರಿಂದ ಇನ್ನೊಂದಕ್ಕೆ ದಾಟಿಸಿದರೂ ಅದರ ಶಕ್ತಿ ಕುಂದಲಿಲ್ಲ. ಆದುದರಿಂದ ಅದು ಬರಿಯ ವಿಷವಾಗಿರಲು ಸಾಧ್ಯವಿರಲಿಲ್ಲ.

1898ರಲ್ಲಿ ಅವರು ಈ ಅಂಶವನ್ನು ದ್ರವರೂಪದ ಸಜೀವ ಸೋಂಕು ಎಂದು ಕರೆದು, ವೈರಸ್ ಎಂಬ ಹಳೆಯ ಪದವನ್ನು ಇದಕ್ಕೆ ಬಳಸಿದರು. ರಷ್ಯಾದ ದ್ಮಿತ್ರಿ ಇವಾನೊವ್‌ಸ್ಕಿ 1892ರಲ್ಲಿಯೇ ಸೋಸಿದ ರಸ ರೋಗ ತರುವುದನ್ನು ಕಂಡಿದ್ದರು. ಇದು ತಿಳಿದೊಡನೆ ಬೈಯೆರಿಂಕ್ ಅವರ ಮೊದಲಿಗತನವನ್ನು ಒಪ್ಪಿಕೊಂಡರು. ಆದರೆ ಇವಾನೊವ್‌ಸ್ಕಿ ರೋಗಕಾರಕವು ಬ್ಯಾಕ್ಟೀರಿಯಾವೇ ಎಂಬ ನಂಬಿಕೆಯಲ್ಲಿದ್ದರು. ಅದು ಬ್ಯಾಕ್ಟೀರಿಯಾಗಿಂತ ಮೂಲತಃ ಭಿನ್ನವೆಂಬ ತೀರ್ಮಾನಕ್ಕೆ ಬಂದವರು ಬೈಯೆರಿಂಕ್.

ಅವರ ತೀರ್ಮಾನದ ಒಂದು ಭಾಗ ಮುಂದೆ ತಪ್ಪೆಂದು ತಿಳಿಯಿತು. 1935ರಲ್ಲಿ ಅಮೆರಿಕದ ವೆಂಡೆಲ್ ಸ್ಟ್ಯಾನ್ಲಿ ಈ ವೈರಸನ್ನು ಹರಳುರೂಪಕ್ಕೆ ತಂದರು. 1939ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅದರ ಕಡ್ಡಿಯಾಕಾರದ ಕಣಗಳು ಕಂಡವು. ವೈರಸ್ ದ್ರವವಲ್ಲ, ಕಣ. ಆದರೂ ಜೀವಂತ ಕೋಶದ ಒಳಗೆ ಮಾತ್ರ ವೃದ್ಧಿಯಾಗುತ್ತದೆ ಎಂಬ ಅವರ ಮುಖ್ಯ ಮಾತು ಹಾಗೆಯೇ ಉಳಿದಿದೆ.

ಗುರುವಾಗಿ ಬೈಯೆರಿಂಕ್

ಬೈಯೆರಿಂಕ್ ಜನಪ್ರಿಯ ಗುರುಗಳಾಗಿರಲಿಲ್ಲ. ವಿದ್ಯಾರ್ಥಿಗಳೊಡನೆ ಅವರ ಮಾತು ಬಿರುಸು. ಹಲವು ಸಲ ಅವಮಾನಕರವೂ ಆಗುತ್ತಿತ್ತು. ಪ್ರಯೋಗಾಲಯದಲ್ಲಿ ಶಿಸ್ತು ಕಠಿಣವಾಗಿತ್ತು. ವಿಜ್ಞಾನಕ್ಕೆ ಜೀವನವನ್ನು ಮುಡಿಪಿಟ್ಟವನಿಗೆ ಸಂಸಾರ ಸಲ್ಲದೆಂಬುದು ಅವರ ನಿಲುವು. ಅವರು ಮದುವೆಯಾಗಲಿಲ್ಲ, ಸಹೋದರಿಯರೊಡನೆ ಬಾಳಿದರು. ಆಗಾಗ ಮನಸ್ಸು ಕುಗ್ಗಿ ನರಳುತ್ತಿದ್ದರು. ಸ್ನೇಹಿತರು ಕೆಲವರೇ.

ಸಹೋದರಿ ಹೆನ್ರಿಯೆಟ್ ಅವರ ನೆರವನ್ನು ಇಲ್ಲಿ ನೆನೆಯಬೇಕು. ತರಗತಿಯ ಗೋಡೆಗೆ ತೂಗುಹಾಕಲು ಸೂಕ್ಷ್ಮಜೀವಿಗಳ ದೊಡ್ಡ ವರ್ಣಚಿತ್ರಗಳನ್ನು ಬರೆದುಕೊಟ್ಟವರು ಅವರು. ಕಣ್ಣಿಗೆ ಕಾಣದ ಜೀವಿಗಳ ವೈವಿಧ್ಯವನ್ನು ಡೆಲ್ಫ್ಟ್‌ನ ವಿದ್ಯಾರ್ಥಿಗಳು ಮೊದಲು ಕಂಡದ್ದು ಈ ಪಟಗಳಲ್ಲಿ.

ಗುರುವಿನ ಸ್ವಭಾವದಿಂದ ನೊಂದವರು ಇದ್ದರೂ ಅವರ ವಿಧಾನದಿಂದ ಕಲಿತವರು ಅದಕ್ಕಿಂತ ಹೆಚ್ಚು. ಈ ವಿಧಾನದಲ್ಲಿ ವಿದ್ಯಾರ್ಥಿ ಪುಸ್ತಕದ ಪಟ್ಟಿಯನ್ನು ಬಾಯಿಪಾಠ ಮಾಡಿದರೆ ಸಾಲದು. ಯಾವ ಜೀವಿಗೆ ಏನು ಬೇಕು ಎಂದು ತಾನೇ ಯೋಚಿಸಿ, ದ್ರಾವಣವನ್ನು ಕಲಸಿ, ಮಣ್ಣನ್ನು ತಂದು ಹಾಕಿ, ದಿನಗಟ್ಟಲೆ ಕಾಯಬೇಕು. ಊಹೆ ಸರಿಯಾಗಿದ್ದರೆ ಸೀಸೆಯಲ್ಲಿ ಉತ್ತರ ಮೂಡುತ್ತದೆ. ಗುರುವಿನ ತಾಳ್ಮೆಯ ಕೊರತೆಯನ್ನು ವಿಧಾನವೇ ಬಹುಪಾಲು ತುಂಬಿಕೊಟ್ಟಿತು ಎನ್ನಬಹುದು.

ನಿವೃತ್ತಿ ಮತ್ತು ನಿಧನ

70 ವರ್ಷ ತುಂಬಿದ ಬೈಯೆರಿಂಕ್ 1921ರಲ್ಲಿ ನಿವೃತ್ತರಾದರು. ಅವರ ಲೇಖನಗಳನ್ನು ಒಟ್ಟುಗೂಡಿಸಿ ಐದು ಸಂಪುಟಗಳಲ್ಲಿ ಪ್ರಕಟಿಸಲಾಯಿತು; ಆರನೆಯ ಸಂಪುಟ 1940ರಲ್ಲಿ ಬಂತು. ಪ್ರಯೋಗಾಲಯವನ್ನು ತೊರೆದು ಅವರು ಸಹೋದರಿಯರೊಡನೆ ಗೋರ್ಸೆಲ್ ಎಂಬ ಹಳ್ಳಿಯಲ್ಲಿ ನೆಲೆಸಿದರು. ಅಲ್ಲಿ ಮತ್ತೆ ಬಾಲ್ಯದ ಒಲವಾದ ಗಿಡಗಳ ಕಡೆಗೆ ತಿರುಗಿದರು. 1931ರ ಜನವರಿ 1ರಂದು ಅಲ್ಲಿಯೇ ನಿಧನರಾದರು.

ಶಿಷ್ಯಪರಂಪರೆ

ಬೈಯೆರಿಂಕ್ ಅವರ ಸ್ಥಾನಕ್ಕೆ ಬಂದವರು ಆಲ್ಬರ್ಟ್ ಯಾನ್ ಕ್ಲೈವರ್ (1888–1956). ಸ್ವಭಾವದಲ್ಲಿ ಇವರು ಹಿಂದಿನವರಿಗೆ ತೀರ ವಿರುದ್ಧ, ಸ್ನೇಹಶೀಲರು, ವಿದ್ಯಾರ್ಥಿವತ್ಸಲರು. ಸೂಕ್ಷ್ಮಜೀವಿಗಳ ವೈವಿಧ್ಯ ಅಪಾರವಾದರೂ ಅವುಗಳೊಳಗಿನ ರಾಸಾಯನಿಕ ಕ್ರಿಯೆಗಳಲ್ಲಿ ಮೂಲಭೂತ ಏಕತೆಯಿದೆ ಎಂಬುದನ್ನು ಕ್ಲೈವರ್ 1926ರಲ್ಲಿ ಡೊಂಕರ್ ಅವರೊಡನೆ ಪ್ರತಿಪಾದಿಸಿದರು. ಇಬ್ಬರು ಪ್ರಾಧ್ಯಾಪಕರೂ ಬೆಳೆಸಿದ ಈ ಪರಂಪರೆಗೆ ಡೆಲ್ಫ್ಟ್ ಪಂಥ ಎಂದು ಹೆಸರು.

ಕ್ಲೈವರ್ ಅವರ ಶಿಷ್ಯ ಕೊರ್ನೆಲಿಸ್ ವಾನ್ ನೀಲ್ (1897–1985) ಅಮೆರಿಕಕ್ಕೆ ತೆರಳಿ, ಕ್ಯಾಲಿಫೋರ್ನಿಯದ ಕಡಲತೀರದಲ್ಲಿರುವ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಹಾಪ್‌ಕಿನ್ಸ್ ಕೇಂದ್ರದಲ್ಲಿ ಬೇಸಿಗೆಯ ಶಿಕ್ಷಣಕ್ರಮವನ್ನು ಆರಂಭಿಸಿದರು. 1930ರ ದಶಕದಿಂದ 1962ರವರೆಗೆ ನಡೆದ ಇದರಲ್ಲಿ ಒಂದೊಂದು ಸಲವೂ ಕೆಲವೇ ವಿದ್ಯಾರ್ಥಿಗಳಿರುತ್ತಿದ್ದರು. ಮಣ್ಣು, ಕೆಸರು, ಸಮುದ್ರದ ನೀರುಗಳಿಂದ ಬಗೆಬಗೆಯ ಜೀವಿಗಳನ್ನು ಆರಿಸಿ ಬೆಳೆಸುತ್ತ, ಪ್ರಶ್ನೋತ್ತರಗಳ ಮೂಲಕ ಕಲಿಯುವುದು ಅಲ್ಲಿನ ರೀತಿ. ರಾಜರ್ ಸ್ಟೇನಿಯರ್, ಮೈಕೆಲ್ ಡೂಡೊರಾಫ್, ದನದ ಹೊಟ್ಟೆಯ ಸೂಕ್ಷ್ಮಜೀವಿಗಳನ್ನು ಅಭ್ಯಸಿಸಿದ ರಾಬರ್ಟ್ ಹಂಗೇಟ್ ಇಲ್ಲಿ ಕಲಿತವರು. ಮುಂದೆ ನೊಬೆಲ್ ಪ್ರಶಸ್ತಿ ಪಡೆದ ಆರ್ಥರ್ ಕಾರ್ನ್‌ಬರ್ಗ್ ಕೂಡ 1953ರಲ್ಲಿ ಇಲ್ಲಿ ವಿದ್ಯಾರ್ಥಿಯಾಗಿದ್ದರು. ಸ್ಟೇನಿಯರ್, ಡೂಡೊರಾಫ್ ಮತ್ತು ಎಡೆಲ್‌ಬರ್ಗ್ 1957ರಲ್ಲಿ ಪ್ರಕಟಿಸಿದ ದಿ ಮೈಕ್ರೋಬಿಯಲ್ ವರ್ಲ್ಡ್ ಎಂಬ ಪಠ್ಯಪುಸ್ತಕದ ಮೂಲಕ ಡೆಲ್ಫ್ಟ್ ಪಂಥದ ದೃಷ್ಟಿ ಅನೇಕ ವಿಶ್ವವಿದ್ಯಾಲಯಗಳನ್ನು ತಲುಪಿತು.

ಅಮೆರಿಕದ ಪೂರ್ವ ತೀರದ ವುಡ್ಸ್ ಹೋಲ್‌ನ ಸಮುದ್ರಜೀವಿ ಪ್ರಯೋಗಾಲಯದಲ್ಲಿ ಹೊಲ್ಗರ್ ಯಾನಾಶ್ 1971ರಲ್ಲಿ ಸ್ಥಾಪಿಸಿದ ಬೇಸಿಗೆ ಶಿಕ್ಷಣಕ್ರಮವೂ ಇದೇ ಮಾರ್ಗದ್ದು. ಈಗ ಅದರ ಹೆಸರೇ ಸೂಕ್ಷ್ಮಜೀವಿ ವೈವಿಧ್ಯ.

ವಿಧಾನದ ಮಿತಿ ಮತ್ತು ಇಂದಿನ ಸ್ಥಿತಿ

ಆಯ್ಕೆಯ ಸಂವರ್ಧನೆಯಲ್ಲಿ ಬೇಗ ಬೆಳೆಯುವ ಜೀವಿ ಗೆಲ್ಲುತ್ತದೆ. ಸಹಜ ಪರಿಸರದಲ್ಲಿ ಹೇರಳವಾಗಿದ್ದರೂ ನಿಧಾನವಾಗಿ ಬೆಳೆಯುವ ಜೀವಿ ಸೀಸೆಯಲ್ಲಿ ಹಿಂದೆ ಬೀಳುತ್ತದೆ. ಪ್ರಕೃತಿಯ ಸೂಕ್ಷ್ಮಜೀವಿಗಳಲ್ಲಿ ಬಹುಪಾಲು ಇನ್ನೂ ಪ್ರಯೋಗಾಲಯದಲ್ಲಿ ಬೆಳೆದಿಲ್ಲ. 1977ರಲ್ಲಿ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ ರೈಬೋಸೋಮಿನ ಆರ್‌ಎನ್‌ಎಯನ್ನು ಹೋಲಿಸಿ, ಬ್ಯಾಕ್ಟೀರಿಯಾಗಳಿಂದ ಬೇರೆಯಾದ ಆರ್ಕಿಯಾ ಎಂಬ ಜೀವಸಮುದಾಯವನ್ನು ಗುರುತಿಸಿದರು. ಅಲ್ಲಿಂದ ಮುಂದೆ ಬೆಳೆಸದೆಯೂ ವಂಶವಾಹಿಗಳ ಮೂಲಕ ವೈವಿಧ್ಯವನ್ನು ಅಳೆಯುವ ದಾರಿ ತೆರೆಯಿತು.

ಆದರೆ ವಂಶವಾಹಿಯ ಓದು ಯಾವ ಜೀವಿಗಳಿವೆ ಎಂಬುದನ್ನು ಹೇಳುವಷ್ಟು ನಿಶ್ಚಿತವಾಗಿ ಅವು ಏನು ಮಾಡುತ್ತವೆ ಎಂಬುದನ್ನು ಹೇಳುವುದಿಲ್ಲ. ಅದಕ್ಕೆ ಇಂದಿಗೂ ಜೀವಿಯನ್ನು ಬೆಳೆಸಿ ನೋಡುವುದು ಅಗತ್ಯ. ಗಾಳಿಯಿಲ್ಲದ ಸ್ಥಿತಿಯಲ್ಲಿ ಅಮೋನಿಯವನ್ನು ಸಾರಜನಕವಾಗಿ ಪರಿವರ್ತಿಸುವ ಅನಮಾಕ್ಸ್ ಬ್ಯಾಕ್ಟೀರಿಯಾಗಳು 1990ರ ದಶಕದಲ್ಲಿ ಬೆಳಕಿಗೆ ಬಂದದ್ದು ಡೆಲ್ಫ್ಟ್‌ನ ಯೀಸ್ಟ್ ಕಾರ್ಖಾನೆಯ ತ್ಯಾಜ್ಯನೀರಿನ ಶುದ್ಧೀಕರಣ ಘಟಕದಲ್ಲಿ. ಬೈಯೆರಿಂಕ್ ಒಂದು ಶತಮಾನದ ಹಿಂದೆ ದುಡಿದ ಸಂಸ್ಥೆಯ ಉತ್ತರಾಧಿಕಾರಿಯೇ ಆ ಕಾರ್ಖಾನೆ. ಈ ಜೀವಿಗಳನ್ನು ಹೆಚ್ಚಿಸಿ ಅಭ್ಯಸಿಸಲು ಡೆಲ್ಫ್ಟ್‌ನ ವಿಜ್ಞಾನಿಗಳು ಬಳಸಿದ್ದು ಆಯ್ಕೆಯ ಸಂವರ್ಧನೆಯನ್ನೇ.

ಭಾರತದಲ್ಲಿ

ಭಾರತದ ವಿಶ್ವವಿದ್ಯಾಲಯಗಳ ಸೂಕ್ಷ್ಮಜೀವಿ ವಿಜ್ಞಾನ ತರಗತಿಗಳಲ್ಲಿ ಬೇರುಗಂಟಿನಿಂದ ರೈಜೋಬಿಯಂ ಬೇರ್ಪಡಿಸುವುದು ಮತ್ತು ಮ್ಯಾನಿಟಾಲ್ ಮಾಧ್ಯಮದಲ್ಲಿ ಮಣ್ಣಿನಿಂದ ಅಜಟೋಬ್ಯಾಕ್ಟರ್ ಬೆಳೆಸುವುದು ರೂಢಿಯ ಪ್ರಯೋಗಗಳು. ಕರ್ನಾಟಕದ ಕೃಷಿ ವಿಶ್ವವಿದ್ಯಾಲಯಗಳು ಜೀವಾಣು ಗೊಬ್ಬರಗಳನ್ನು ತಯಾರಿಸಿ ರೈತರಿಗೆ ಒದಗಿಸುತ್ತವೆ. ತೊಗರಿ, ಕಡಲೆ, ಶೇಂಗಾ ಬೀಜಕ್ಕೆ ಲೇಪಿಸುವ ರೈಜೋಬಿಯಂ ಪೊಟ್ಟಣದ ಇತಿಹಾಸ 1888ರ ಆ ಶೋಧಕ್ಕೆ ಮುಟ್ಟುತ್ತದೆ.

ಇನ್ನೊಂದು ನಂಟು ಹೆಸರಿನದು. ಭಾರತದ ಆಮ್ಲೀಯ ಗದ್ದೆಮಣ್ಣಿನಿಂದ ಪಡೆದ, ಸಾರಜನಕ ಸ್ಥಿರೀಕರಿಸುವ ಬ್ಯಾಕ್ಟೀರಿಯಾವೊಂದನ್ನು ಸ್ಟಾರ್ಕಿ ಮತ್ತು ಡೇ 1939ರಲ್ಲಿ ವಿವರಿಸಿದರು. 1950ರಲ್ಲಿ ಡರ್ಕ್ಸ್ ಅದನ್ನು ಹೊಸ ಕುಲಕ್ಕೆ ಸೇರಿಸಿ, ಡೆಲ್ಫ್ಟ್‌ನ ಗುರುವಿನ ನೆನಪಿಗಾಗಿ ಬೈಯೆರಿಂಕಿಯ ಎಂದು ಕರೆದರು. ಜಾತಿಯ ಹೆಸರು ಇಂಡಿಕ. ಹೀಗೆ ಭಾರತದ ಗದ್ದೆಯ ಬ್ಯಾಕ್ಟೀರಿಯಾವೊಂದರ ಹೆಸರಿನಲ್ಲಿ ಅವರ ಹೆಸರೂ ಈ ದೇಶದ ಹೆಸರೂ ಜೊತೆಯಾಗಿವೆ.

ಗೌರವಗಳು

ನೆದರ್‌ಲ್ಯಾಂಡ್ಸ್‌ನ ರಾಯಲ್ ಅಕಾಡೆಮಿ ಹತ್ತು ವರ್ಷಕ್ಕೊಮ್ಮೆ ಕೊಡುತ್ತಿದ್ದ ಲೇವೆನ್‌ಹುಕ್ ಪದಕವು 1905ರಲ್ಲಿ ಬೈಯೆರಿಂಕ್ ಅವರಿಗೆ ಸಂದಿತು. ಹಿಂದಿನ ಸಲ, 1895ರಲ್ಲಿ, ಅದನ್ನು ಪಡೆದವರು ಪಾಶ್ಚರ್. 1926ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಇವರನ್ನು ವಿದೇಶಿ ಸದಸ್ಯರನ್ನಾಗಿ ಆರಿಸಿತು. 1940ರಲ್ಲಿ ವಾನ್ ಇಟರ್ಸನ್, ಡೆನ್ ಡೂರೆನ್ ಡೆ ಯೊಂಗ್ ಮತ್ತು ಕ್ಲೈವರ್ ಸೇರಿ ಇವರ ಜೀವನ ಚರಿತ್ರೆಯನ್ನು ಪ್ರಕಟಿಸಿದರು. ಚಂದ್ರನ ಮೇಲಿನ ಒಂದು ಕುಳಿಗೂ ಬೈಯೆರಿಂಕ್ ಅವರ ಹೆಸರಿಡಲಾಗಿದೆ.